ಸೊಟ್ಟ ಬದನೆಕಾಯಿಯ ಗಿರಾಕಿ

ನಮ್ಮ ಕಾಕಾನಷ್ಟು ಕೆಟ್ಟ ಗಿರಾಕಿ ಅಫಜಲಪುರದ ಸಂತೆಯಲ್ಲಿ ಇನ್ನೊಬ್ಬರಿಲ್ಲ! ಕೆಟ್ಟ ಎಂದರೆ ಜಗಳಗಂಟರಲ್ಲ ಮತ್ತೆ. ಕನ್ನಡಕ ಏರಿಸಿ, ರಾಶಿಯೆಲ್ಲ ಕೆದರಿ, ಇದ್ದುದರಲ್ಲೇ ಅತಿ ಸೊಟ್ಟಗಿನ ಬದನೆಕಾಯಿಗಳನ್ನು ಆರಿಸಿ ಚೀಲ ತುಂಬುವವರು. ಆಳಂದ, ಜೇವರ್ಗಿ, ಅಫಜಲಪುರ ಮೂರೂ ಕಡೆ ಹೊಲ ಅಳೆಯುವ ನೌಕರಿ ಮಾಡಿ, ಊರವರ ಬದುಗಳನ್ನೆಲ್ಲ ನೆಟ್ಟಗೆ ಮಾಡಿಸಿ ರಿಟೈರಾದ ಮನುಷ್ಯ ಇವರು. ಸ್ವಂತಕ್ಕೆ ಮಾತ್ರ ಒಂದು ಗೇಣು ಹೊಲವಿಲ್ಲ.

ಚೀಲ ಸುರಿದ ಕೂಡಲೇ ಅವರ ಹೆಂಡತಿ, ನಮ್ಮ ಕಾಕು, ಶುರು ಮಾಡುತ್ತಿದ್ದಳು.

"ನೆಟ್ಟಗಿದ್ದದ್ದು ನಿಮ್ಮ ಕಣ್ಣಿಗೆ ಕಾಣಂಗಿಲ್ಲೇನ್ರಿ? ಇದರಾಗ ಎಣಗಾಯಿ ಹ್ಯಾಂಗ ಮಾಡ್ಲಿ? ತುಂಬಿದ ಮಸಾಲಿ ಎಲ್ಲಾ ಹೊರಗ ಬೀಳ್ತದ!"

"ನೆಟ್ಟಗಿದ್ದವು ಯಾರರೆ ತಗೋತಾರ. ಇವನ್ನ ನಾನೂ ತಗೊಳ್ಳಿಲ್ಲಂದ್ರ ಬೆಳದಾಕಿ ಹೊತ್ಕೊಂಡು ಹೊಳ್ಳಿ ಹೋಗ್ಬೇಕೇನು?"

ಇದಕ್ಕೆ ಏನು ಹೇಳುತ್ತೀರಿ? ಕಾಕು ಗೊಣಗುತ್ತ ಕಾಯಿಗಳನ್ನು ಕೊಚ್ಚಿ ಪಲ್ಯಕ್ಕೆ ಹಾಕುತ್ತಿದ್ದಳು.

ಒಮ್ಮೆ ಜೇವರ್ಗಿಯ ಸಂತೆಗೆ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಒಬ್ಬ ರೈತನ ಸೌತೆಕಾಯಿಯ ಮುಂದೆ ನರಪಿಳ್ಳೆಯೂ ಇರಲಿಲ್ಲ. ಕಾಕಾ ಒಂದನ್ನು ಕಚ್ಚಿದರು. ವಿಷದಂಥ ಕಹಿ! ಕಣ್ಣಲ್ಲಿ ನೀರು ಬಂದರೂ, "ಆಹಾ, ಏನು ರುಚಿ ಅದರೀ!" ಎಂದು ಸಂತೆಗೆಲ್ಲ ಕೇಳುವಂತೆ ಹೊಗಳಿದರು. ನಾಲ್ಕು ಮಂದಿ ಕೊಂಡೇಬಿಟ್ಟರು. ಅವರಲ್ಲೊಬ್ಬ ಅಲ್ಲೇ ಕಚ್ಚಿ, ಉಗುಳಿ, ಹೊಗಳಿದವರನ್ನು ಹುಡುಕತೊಡಗಿದ. ನಾವಿಬ್ಬರೂ ಓಡಿ ಸಿಕ್ಕ ಬಸ್ಸು ಹತ್ತಿದೆವು. ಅದು ಶಹಾಪುರದ ಬಸ್ಸು ಎಂದು ಗೊತ್ತಾದದ್ದು ಕಂಡಕ್ಟರ್ ಟಿಕೆಟ್ ಕೇಳಿದಾಗ!

ಇಂಥ ಕಾಕಾ ಈ ಸಲ ಬಚ್ಚಲಲ್ಲಿ ಜಾರಿ ಬಿದ್ದು, ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಂಚ ಹಿಡಿದರು. ನೋವಿಗೆ ಒಂದು ದಿನವೂ ನರಳಲಿಲ್ಲ. ಸಂತೆಯ ದಿನ ಬಂತು ನೋಡಿ, ಬೆಳಗಿನಿಂದಲೇ ಚಡಪಡಿಕೆ.

"ಯವ್ವಾ, ನೀನರೆ ಹೋಗಿ ಬಾ. ಅತನೂರಿನ ಆಯಿ ನನ್ನ ದಾರಿ ನೋಡಾಕತ್ತಿರ್ತಾಳ. ಸೊಟ್ಟಗಿನವು ಒಂದೂ ಉಳೀಬಾರದು!"

ಅತನೂರಿನ ಆಯಿ ಎಂದರೆ ಕಾಕಾ ಹನ್ನೊಂದು ವರ್ಷಗಳಿಂದ ಬದನೆಕಾಯಿ ಕೊಳ್ಳುತ್ತಿದ್ದ ಮುದುಕಿ. ಹೋಗಿ ನೋಡಿದರೆ ಆಕೆಯ ಮುಂದೆ ಮಿರಮಿರ ಮಿಂಚುವ ನೆಟ್ಟನೆಯ ಕಾಯಿಗಳ ರಾಶಿ. ಸೊಟ್ಟಗಿನದು ಒಂದೂ ಇಲ್ಲ! ಬರಿಗೈಯಲ್ಲಿ ಹೋದರೆ ಕಾಕಾ ನಂಬುತ್ತಾರೆಯೇ?

ಯಾರ ಮನೆಯವಳೆಂದೂ ಕಾಕಾ ಬಿದ್ದು ಕಾಲು ಮುರಿದುಕೊಂಡಿದ್ದಾರೆಂದೂ ಹೇಳಿದ್ದೇ ತಡ, ಆಯಿ ಬೆನ್ನ ಹಿಂದಿನಿಂದ ಒದ್ದೆ ಬಟ್ಟೆಯ ಗಂಟೊಂದನ್ನು ಎಳೆದು ಬಿಚ್ಚಿದಳು. ಒಳಗೆ ಇದ್ದವೆಲ್ಲ ಸೊಟ್ಟಕಾಯಿಗಳೇ.

"ಬೆಳಿಗ್ಗಿಂದ ಇಬ್ಬರು ಕೇಳಿದ್ರು, ಕೊಟ್ಟಿಲ್ಲವ್ವಾ. ಸಾಹೇಬ್ರಿಗಿ ಸೊಟ್ಟಕಾಯಿ ಅಂದ್ರ ಜೀಂವ! ಅದಕ್ಕ ಸೊಟ್ಟಕಾಯಿದೇ ಬೀಜ ಹಿಡದು, ಅವರ ಹೆಸರಿಲೆ ಒಂದು ಸಾಲು ಬ್ಯಾರೆನೇ ಹಚ್ಚೇನಿ. ಸೊಸೆ ನಗತಾಳ. ನಕ್ರ ನಗಲಿ! ಅವರ ಕಾಲು ಹ್ಯಾಂಗದವ್ವಾ?"

ನಿಜ ಹೇಳಲು ನನಗೆ ಬಾಯಿ ಬರಲಿಲ್ಲ. ಚೀಲ ತುಂಬಿಸಿಕೊಂಡು ಬಂದೆ.

ಮನೆಯಲ್ಲಿ ನಾನು ಹೇಳಿದ್ದನ್ನು ಕೇಳಿ ಕಾಕು ಹೊಟ್ಟೆ ಹಿಡಿದು ನಕ್ಕಳು. "ಉಪಕಾರ ಮಾಡಾಕ ಹೋಗಿ ಆಕಿ ಹೊಲದಾಗೇ ಸೊಟ್ಟಕಾಯಿ ಬೆಳೆಸಿಟ್ರಲ್ರೀ!"

ಕಾಕಾ ನಗಲಿಲ್ಲ. ಒಂದು ಕಾಯಿಯನ್ನು ಕೈಯಲ್ಲಿ ಹಿಡಿದು ತಿರುತಿರುಗಿಸಿ ನೋಡಿದರು.

"ಆಕಿಗಿ ಖರೆ ಹೇಳಿದೇನು?"

"ಇಲ್ಲ ಕಾಕಾ."

"ಹೇಳಬ್ಯಾಡ ಯವ್ವಾ." ಅವರ ಕಣ್ಣುಗಳು ತುಂಬಿದ್ದವು. "ಜಲ್ಮೆಲ್ಲ ಮಂದಿ ಹೊಲ ಅಳದೆ. ನನ್ನ ಹೆಸರಿಲೆನೂ ಒಂದು ಸಾಲು ಅದ ಅಂತ ಇವತ್ತ ಗೊತ್ತಾತು."

ಕಾಕು ನಗು ನಿಲ್ಲಿಸಿ, ಚೀಲ ಎತ್ತಿಕೊಂಡು ಒಳಗೆ ಹೋದಳು. ಆ ಸೊಟ್ಟ ಕಾಯಿಗಳಿಗೇ ಮಸಾಲೆ ತುಂಬಿ ಎಣಗಾಯಿ ಮಾಡಿದಳು. ಮಸಾಲೆಯೆಲ್ಲ ಹೊರಗೆ ಬಿದ್ದಿತ್ತು. ಅದನ್ನೂ ಬಳಿದು ಕಾಕಾನ ತಾಟಿಗೆ ಬಡಿಸಿದಳು.