ಕದಲದ ಲಗ್ನಪತ್ರಿಕೆ

ಒಂದು ವಸ್ತುವನ್ನು ಒಂದು ಜಾಗದಲ್ಲಿಟ್ಟ ಮೇಲೆ ಅದು ಅಲ್ಲೇ ಇರಬೇಕು ಎಂಬುದು ನನ್ನ ಜೀವನದ ಸಿದ್ಧಾಂತ. ಕನ್ನಡಕ ಕಿಟಕಿಯ ಎಡಮೂಲೆಯಲ್ಲಿ, ಚಪ್ಪಲಿ ಗೋಡೆಗೆ ಮುಖ ಮಾಡಿ, ದಿನಪತ್ರಿಕೆ ಓದಿದ ಮೇಲೆ ನಾಲ್ಕು ಮಡಿಕೆಯಾಗಿ. ಮೂವತ್ತೈದು ವರ್ಷ ಹೈಸ್ಕೂಲು ಮೇಷ್ಟ್ರಾಗಿ, ಬೆಲ್ ಹೊಡೆಯುವ ಮೊದಲೇ ತರಗತಿಯ ಬಾಗಿಲಲ್ಲಿ ನಿಂತು ಅಭ್ಯಾಸವಾದವನು ನಾನು. ನಿವೃತ್ತನಾಗಿ ದೊಡ್ಡಬಳ್ಳಾಪುರದ ಮನೆಯಲ್ಲಿ ಕೂತ ಮೇಲೂ ಬೆಳಿಗ್ಗೆ ಐದಕ್ಕೆ ಏಳುತ್ತೇನೆ. ನನ್ನ ಹೆಂಡತಿ ನನ್ನನ್ನು ನೋಡಿಯೇ ಗಡಿಯಾರಕ್ಕೆ ಕೀಲಿ ಕೊಡುತ್ತಾಳೆಂದು ನೆಂಟರು ಆಡಿಕೊಳ್ಳುವುದುಂಟು. ಇಂಥ ನನಗೆ, ಬರೆದದ್ದು ಬರೆದ ಜಾಗದಲ್ಲಿ ನಿಲ್ಲದಂಥ ಕಾಗದವೊಂದು ಜಗತ್ತಿನಲ್ಲಿದೆ ಎಂದು ತಿಳಿದದ್ದು ತಮ್ಮನ ಮಗಳು ಚೈತ್ರಳ ಮದುವೆಯಲ್ಲಿ.

ಲಗ್ನಪತ್ರಿಕೆ ಸಿದ್ಧಪಡಿಸುವ ಕೆಲಸ ನನ್ನ ಪಾಲಿಗೆ ಬಂತು. ನಮ್ಮ ಕಡೆ ಪತ್ರಿಕೆಯಲ್ಲಿ ಜನ ನಿಜವಾಗಿ ಓದುವುದು ಒಂದೇ ಭಾಗವನ್ನು: ‘ತಮ್ಮ ಸುಖಾಗಮನ ಬಯಸುವವರು’ ಎಂಬ ಹೆಸರುಗಳ ಪಟ್ಟಿಯನ್ನು. ಮುಹೂರ್ತ ತಪ್ಪಾಗಿದ್ದರೆ ಕ್ಷಮಿಸುತ್ತಾರೆ, ಹೆಸರು ಒಂದು ಸಾಲು ಕೆಳಗಿಳಿದರೆ ಮಾತು ಬಿಡುತ್ತಾರೆ. ಚೈತ್ರಳದು ಒಂದೇ ಷರತ್ತು. ಪಟ್ಟಿಯ ಮೊದಲ ಹೆಸರು ಅವಳ ಅತ್ತೆಯದಾಗಬೇಕು. ಅತ್ತೆಯೆಂದರೆ ಕುಂದಾಣದಲ್ಲಿರುವ ನನ್ನ ಅಕ್ಕ ಪುಟ್ಟಲಕ್ಷ್ಮಮ್ಮ. ಮೂರು ವರ್ಷದ ಕೂಸಾಗಿದ್ದಾಗ ತಾಯಿಯನ್ನು ಕಳೆದುಕೊಂಡ ಚೈತ್ರಳನ್ನು ಎತ್ತಿ ಸಾಕಿದವಳು ಅವಳೇ. ಆದರೆ ಭಾವ ತೀರಿಕೊಂಡು ಎಂಟು ವರ್ಷವಾಗಿದೆ. ಗಂಡನಿಲ್ಲದವಳ ಹೆಸರನ್ನು ಶುಭಪತ್ರಿಕೆಯಲ್ಲಿ ಹಾಕಬಾರದೆಂದು ನಮ್ಮವರಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಸುಮ್ಮನೆ ಹಾಕುವುದಿಲ್ಲ, ಅಷ್ಟೆ.

ನಾನು ಹಾಕಿದೆ. ಮನೆಯ ಕಂಪ್ಯೂಟರಿನಲ್ಲಿ ವರ್ಡ್ ಫೈಲಾಗಿ ಅಂದವಾಗಿ ಟೈಪು ಮಾಡಿ, ಮುದ್ರಣಾಲಯಕ್ಕೂ ಮನೆಯವರ ವಾಟ್ಸಾಪ್ ಗುಂಪಿಗೂ ಕಳಿಸಿ, ‘ತಪ್ಪಿದ್ದರೆ ತಿಳಿಸಿ’ ಎಂದು ಬರೆದೆ. ಯಾರೂ ತಿಳಿಸಲಿಲ್ಲ. ತಾವೇ ತಿದ್ದಿಕೊಂಡು ನೇರವಾಗಿ ಮುದ್ರಣಾಲಯಕ್ಕೇ ಕಳಿಸಿದರು! ಹೊಸಕೋಟೆಯ ಮುನಿರಾಜಣ್ಣ, ಅಂದರೆ ನನ್ನ ದೊಡ್ಡಪ್ಪನ ಮಗ, ಒಂಬತ್ತನೇ ಸಾಲಿನಿಂದ ಎರಡನೇ ಸಾಲಿಗೆ ಏರಿ ಹೆಸರಿನ ಮುಂದೆ ‘ಸಮಾಜ ಸೇವಕರು’ ಎಂದು ಸೇರಿಸಿಕೊಂಡಿದ್ದ. ಇನ್ನೊಬ್ಬರು ಇನ್ನೂ ಹಲ್ಲು ಬಾರದ ಮೊಮ್ಮಗನನ್ನೂ ಸುಖಾಗಮನ ಬಯಸಲು ನಿಲ್ಲಿಸಿದ್ದರು. ಮರುದಿನ ಮಧ್ಯಾಹ್ನ ಮುದ್ರಣಾಲಯದವರು ಫೋನು ಮಾಡಿದರು.

“ಮೇಷ್ಟ್ರೇ, ನನ್ನತ್ರ ಫೈನಲ್ ಐತೆ, ಫೈನಲ್ ಕರೆಕ್ಟ್ ಐತೆ, ಫೈನಲ್ ಫೈನಲ್ ಐತೆ. ಯಾವ್ದು ಹಾಕ್ಲಿ? ನಾಲ್ಕು ಗಂಟೆ ಒಳ್ಗೆ ಹೇಳಿ. ಇಲ್ದಿದ್ರೆ ಮುಂದಿನ ವಾರಾನೇ.”

ಮೂರನ್ನೂ ನನಗೆ ಕಳಿಸಲು ಹೇಳಿ, ಕೊನೆಯದನ್ನು ತೆಗೆದು ನೋಡಿದೆ. ಮೊದಲ ಸಾಲಿನಲ್ಲಿ ಮುನಿರಾಜಣ್ಣ ಕೂತಿದ್ದ. ಅಕ್ಕ ಎಲ್ಲೂ ಇರಲಿಲ್ಲ. ಅವನಿಗೆ ಫೋನು ಹಚ್ಚಿದೆ.

“ಅಕ್ಕನ ಹೆಸರು ಎಲ್ಲಣ್ಣ?”

“ನಾನೇನ್ ಮಾಡ್ದೆ? ಬೆರಳು ತಾಗಿ ಹೋಗಿರ್ಬೇಕು. ಹೋದದ್ದು ಹೋಯ್ತು ಬಿಡ್ಲಾ, ಶುಭಕಾರ್ಯದ ಪತ್ರಿಕೆ...” ಎಂದು ರಾಗ ಎಳೆದ.

ಏಳು ಅಕ್ಷರ ಟೈಪು ಮಾಡಿ ‘ಸಮಾಜ ಸೇವಕ’ನಾಗುವಷ್ಟು ನಯವಾದ ಬೆರಳು ಅಕ್ಕನ ಹೆಸರಿನ ಮೇಲೆ ಮಾತ್ರ ಹೇಗೆ ಜಾರಿತೋ! ಬಾಶೆಟ್ಟಿಹಳ್ಳಿಯ ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದ ಚೈತ್ರಳಿಗೆ ವಿಷಯ ಮುಟ್ಟಿಸಿದೆ.

“ಅತ್ತೆ ಹೆಸರಿಲ್ದೆ ಬಂದ್ರೆ ಒಂದ್ ಪತ್ರಿಕೇನೂ ನಾನು ಹಂಚಲ್ಲ ದೊಡ್ಡಪ್ಪ” ಎಂದಳು. ಮರುಕ್ಷಣವೇ ಗದರಿದಳು: “ಅಲ್ಲಾ, ವರ್ಡ್ ಫೈಲ್ ಯಾರಾದ್ರೂ ಗುಂಪಿಗೆ ಹಾಕ್ತಾರಾ? ಬಾಗಿಲು ತೆಗೆದಿಟ್ಟು ಊರಿಗೆ ಹೋದಂಗೆ. ಪಿಡಿಎಫ್ ಮಾಡಿ. ಆನ್‌ಲೈನಲ್ಲಿ ಪುಕ್ಕಟೆ ಆಗುತ್ತೆ. ಆಮೇಲೆ ಯಾರ ಬೆರಳೂ ಜಾರಲ್ಲ.”

ಗಂಟೆ ಮೂರಾಗಿತ್ತು. ಹಳೆಯ ಫೈಲುಗಳನ್ನು ನಂಬದೆ ಪಟ್ಟಿಯನ್ನು ಹೊಸದಾಗಿ ಟೈಪು ಮಾಡಿದೆ. ತರಗತಿಯಲ್ಲಿ ಹಾಜರಿ ಕರೆಯುವಂತೆ ಒಂದೊಂದೇ ಹೆಸರನ್ನು ಗಟ್ಟಿಯಾಗಿ ಕೂಗಿ, ಮೊದಲೇ ಬರೆದಿಟ್ಟುಕೊಂಡಿದ್ದ ಕಾಗದದಲ್ಲಿ ಗುರುತು ಹಾಕಿ, ಎರಡು ಸಲ ತಾಳೆ ನೋಡಿದೆ. ಆಮೇಲೆ ಪಿಡಿಎಫ್ ಮಾಡಿಕೊಡುವ ಜಾಲತಾಣಕ್ಕೆ ಹೋದೆ. ಅದು ಮೊದಲು ಕೇಳಿದ್ದು ನಾನು ಯಂತ್ರಮಾನವ ಅಲ್ಲವೆಂದು ದೃಢೀಕರಿಸಲು. ನನ್ನ ಶಿಷ್ಯರನ್ನು ಕೇಳಿದ್ದರೆ ಭಿನ್ನಾಭಿಪ್ರಾಯ ಬರುತ್ತಿತ್ತು. ನಾನು ಧೈರ್ಯವಾಗಿ ಗುರುತು ಹಾಕಿದೆ. ಫೈಲು ಒಳಗೆ ಹೋಯಿತು. ‘ಡೌನ್‌ಲೋಡ್’ ಎಂಬ ಹಸಿರು ಗುಂಡಿಗಳು ಮೂರು ಕಡೆ ಹೊಳೆದವು. ಮೊದಲನೆಯದನ್ನು ಒತ್ತಿದರೆ ಕಂಪ್ಯೂಟರಿಗೆ ರೋಗ ತಗುಲಿದೆ ಎಂದಿತು. ಎರಡನೆಯದು ಬೊಜ್ಜು ಕರಗಿಸುವ ಚೂರ್ಣ ಮಾರಲು ಬಂತು. ಮೇಷ್ಟ್ರಾದವನಿಗೆ ಕಿಲಾಡಿಗಳ ನಡುವೆ ಸಾಧುವನ್ನು ಗುರುತಿಸುವುದು ಗೊತ್ತಿರುತ್ತದೆ. ಸದ್ದಿಲ್ಲದೆ ಕೆಳಗಡೆ ಮೂಲೆಯಲ್ಲಿದ್ದ ಮೂರನೆಯದನ್ನು ಒತ್ತಿದೆ. ಬಂತು! ಒತ್ತಕ್ಷರಗಳೂ ತಮ್ಮ ತಮ್ಮ ಜಾಗದಲ್ಲಿ, ಪ್ರಾರ್ಥನೆಗೆ ನಿಂತ ಮಕ್ಕಳ ಸಾಲಿನಂತೆ ನೆಟ್ಟಗೆ. ಮೊದಲ ಸಾಲಿನಲ್ಲಿ ಶ್ರೀಮತಿ ಪುಟ್ಟಲಕ್ಷ್ಮಮ್ಮ.

ಮೂರು ಐವತ್ತಕ್ಕೆ ಮುದ್ರಣಾಲಯಕ್ಕೆ ಕಳಿಸಿ, “ಇದೊಂದನ್ನು ಬಿಟ್ಟು ಬೇರೆ ಯಾವುದನ್ನೂ ಮುಟ್ಟಬೇಡಿ” ಎಂದು ತಾಕೀತು ಮಾಡಿದೆ. ಗುಂಪಿಗೂ ಹಾಕಿದೆ. ಹತ್ತು ನಿಮಿಷದಲ್ಲಿ ಹೊಸಕೋಟೆಯಿಂದ ಫೋನು.

“ಏನ್ ಮಾಡಿದ್ಯೋ ಇದಕ್ಕೆ? ಎಷ್ಟ್ ತಿಕ್ಕಿದ್ರೂ ಒಂದಕ್ಷರ ಕದಲ್ತಿಲ್ವಲ್ಲೋ!”

“ಗೊತ್ತು ಅಣ್ಣ. ಅದಕ್ಕೇ ಮಾಡಿದ್ದು” ಎಂದೆ. ನಿವೃತ್ತಿಯ ದಿನ ಶಾಲು ಹೊದಿಸಿದಾಗಲೂ ನನಗೆ ಇಷ್ಟು ಸಂತೋಷವಾಗಿರಲಿಲ್ಲ.

ಅಚ್ಚಾದ ಮೊದಲ ಪ್ರತಿಗೆ ಅರಿಶಿನ ಹಚ್ಚಿಕೊಂಡು ಚೈತ್ರ, ನಾನು ಕುಂದಾಣಕ್ಕೆ ಹೋದೆವು. ಅಕ್ಕ ಕೈ ಒರೆಸಿಕೊಂಡು ಪತ್ರಿಕೆ ಹಿಡಿದಳು. ತನ್ನ ಹೆಸರಿನ ಮೇಲೆ ಬೆರಳಿಟ್ಟವಳು ಬಹಳ ಹೊತ್ತು ತೆಗೆಯಲಿಲ್ಲ. ಚೈತ್ರ ಅವಳ ಭುಜಕ್ಕೆ ಮುಖ ಒತ್ತಿಕೊಂಡಳು. “ಅಕ್ಷರ ಇನ್ನೊಂಚೂರು ದಪ್ಪ ಮಾಡ್ಸೋದಲ್ವಾ” ಎಂದಳು ಅಕ್ಕ, ಮೂಗು ಒರೆಸಿಕೊಳ್ಳುತ್ತ. ಆಮೇಲೆ ಬೆರಳು ನಿಧಾನವಾಗಿ ಕೆಳಗಿಳಿಯಿತು. ಕೊನೆಯ ಸಾಲಿನವರೆಗೂ ಹೋಗಿ ಮತ್ತೆ ಮೇಲೆ ಬಂತು.

“ಲೋ, ನಿನ್ನ ಹೆಸರೆಲ್ಲೋ?”

ಇರಲಿಲ್ಲ. ಹಾಜರಿ ಕರೆಯುವ ಮೇಷ್ಟ್ರು ಎಂದಾದರೂ ತನ್ನ ಹೆಸರನ್ನು ಕರೆಯುತ್ತಾನೆಯೇ? ಗುಂಪಿನಲ್ಲಿ ಅಷ್ಟು ಜನ ನೋಡಿದರಲ್ಲ ಎನ್ನುವಿರಾ? ಎಲ್ಲರೂ ತಮ್ಮ ತಮ್ಮ ಹೆಸರನ್ನಷ್ಟೇ ನೋಡಿದ್ದರು. ಐನೂರು ಪ್ರತಿ ಅಚ್ಚಾಗಿತ್ತು, ಒಂದಕ್ಷರವೂ ಕದಲುವಂತಿರಲಿಲ್ಲ.

ಮದುವೆಯ ದಿನ ಮೊದಲ ಪಂಕ್ತಿಗೇ ಎಲೆ ಮುಂದೆ ಹೋಗಿ ಕೂತೆ. ಪಾಯಸದ ಬಕೆಟ್ಟು ಹಿಡಿದು ಬೆವರುತ್ತಿದ್ದ ಮುನಿರಾಜಣ್ಣ ನನ್ನನ್ನು ಕಂಡು ಕೆರಳಿದ: “ಮನೆಯವ್ನಾಗಿ ಕೂತ್ಬಿಟ್ಟಿದ್ಯಲ್ಲೋ, ನಾಚ್ಕೆ ಆಗಲ್ವಾ? ಎದ್ದು ಬಡ್ಸೋಕೆ ಬಾ!”

“ಪತ್ರಿಕೆ ನೋಡಣ್ಣ. ಸುಖಾಗಮನ ಬಯಸುವವನು ನೀನು, ಆಗಮಿಸಿರುವವನು ನಾನು” ಎಂದು ಎರಡನೆಯ ಒಬ್ಬಟ್ಟಿಗೆ ಎಲೆ ಸರಿಮಾಡಿಕೊಂಡೆ.