ವಾರ್ಡ್‌ರೋಬಿನಿಂದ ಹೊರಟ ಕರೆಯೋಲೆ

“ನನ್ನ ಮಗನ ಮುಂಜಿಗೆ ನೆಂಟರನ್ನು ಕರೆಯುವ ದನಿ ನನ್ನದೇ! ಇದು ನನ್ನ ಕೊನೆಯ ತೀರ್ಮಾನ!”

ಹೀಗೆಂದು ನಾನು ಪದ್ಮನಾಭನಗರದ ನಮ್ಮ ಮನೆಯ ಊಟದ ಮೇಜನ್ನು ಗುದ್ದಿ ಘೋಷಿಸಿದೆ. ಮಹಾರಾಜರು ಯುದ್ಧ ಸಾರಿದಾಗ ಇಡೀ ಆಸ್ಥಾನ ನಡುಗುತ್ತಿತ್ತಂತೆ. ನಮ್ಮ ಮನೆಯಲ್ಲಿ ನಡುಗಿದ್ದು ಚಟ್ನಿ ಬಟ್ಟಲು ಮಾತ್ರ. ನಡುಗಿ, ಮಗುಚಿಕೊಂಡಿತು.

“ದನಿ ಯಾರದ್ದಾದ್ರೂ ಇರಲಿ, ಮೇಜು ಒರೆಸೋ ಕೈ ನಿಮ್ಮದೇ ಇರಲಿ,” ಎಂದು ನನ್ನ ಹೆಂಡತಿ ವಾರಿಜಾ ಒರೆಸುವ ಬಟ್ಟೆ ಎಸೆದಳು.

ವಿಷಯ ಇಷ್ಟು. ನಮ್ಮ ಒಂಬತ್ತು ವರ್ಷದ ಆಶ್ರಿತನಿಗೆ ಮುಂಜಿ. ಈಗೀಗ ಕಾರ್ಡ್ ಹಂಚುವುದಕ್ಕೂ ಮೊದಲು ವಾಟ್ಸಾಪಿನಲ್ಲಿ ಒಂದು ವಿಡಿಯೋ ಹೋಗಬೇಕು. ಗಣಪತಿ, ನಾದಸ್ವರ, ಹುಡುಗನ ನಾಲ್ಕು ಫೋಟೊ, ಹಿನ್ನೆಲೆಯಲ್ಲಿ “ತಾವು ಸಕುಟುಂಬ ಪರಿವಾರ ಸಮೇತರಾಗಿ ಆಗಮಿಸಿ...” ಎನ್ನುವ ಒಂದು ಗಂಭೀರ ದನಿ. ಆ ದನಿ ನನ್ನ ಭಾವಮೈದುನ ವಸಿಷ್ಠನದ್ದಾದರೆ ಚೆನ್ನ ಎಂದು ವಾರಿಜಾಳ ತವರಿನಲ್ಲಿ ಆಗಲೇ ಗುಸುಗುಸು ಎದ್ದಿತ್ತು. ವಸಿಷ್ಠ ಜೆ.ಪಿ. ನಗರದಲ್ಲಿದ್ದುಕೊಂಡು ಜಾಹೀರಾತುಗಳಿಗೆ ದನಿ ಕೊಡುವವನು. ಅವನು ಫಿನಾಯಿಲ್ ಅಂದರೂ ಪಾಯಸ ಅಂದಹಾಗೆ ಕೇಳಿಸುತ್ತದೆ. ಒಪ್ಪಿದೆ! ಆದರೆ ಮುಂಜಿಯಲ್ಲಿ ಸೋದರಮಾವನಿಗೆ ಈಗಿರುವ ಮರ್ಯಾದೆ ಸಾಲದೇ? ಹುಡುಗನನ್ನು ಎತ್ತಿಕೊಂಡು ಬರುವವನು ಅವನು, ಹೊಸ ಬಟ್ಟೆ ತರುವವನು ಅವನು, ಎಲ್ಲ ಫೋಟೊಗಳಲ್ಲೂ ನಡುವೆ ನಿಲ್ಲುವವನು ಅವನು. ಕರೆಯುವ ದನಿಯೂ ಅವನದ್ದೇ ಆಗಿಬಿಟ್ಟರೆ, ಅಪ್ಪನಾದ ನಾನು ಹೋಮದ ಹೊಗೆ ಕುಡಿಯುವುದಕ್ಕೆ ಮಾತ್ರ ಇರುವುದೇ?

ಅಷ್ಟಕ್ಕೂ ನನ್ನ ದನಿ ಸಾಮಾನ್ಯದ್ದೇ? ಜಯನಗರದ ನಮ್ಮ ವಿಮಾ ಕಚೇರಿಯಲ್ಲಿ ಹನ್ನೆರಡು ವರ್ಷದಿಂದ ರಾಜ್ಯೋತ್ಸವದ ವಂದನಾರ್ಪಣೆ ಈ ರಾಮಪ್ರಸಾದನದ್ದೇ. ನಾನು ಮೈಕ್ ಹಿಡಿದರೆ ಸಭೆಗೆ ಸಭೆಯೇ ಎದ್ದು ನಿಲ್ಲುತ್ತದೆ. ಎದ್ದು ನಿಲ್ಲುವುದು ಊಟದ ಸಾಲಿಗೆ ಎಂದು ವಾರಿಜಾ ಹೇಳುತ್ತಾಳೆ. ಅದು ಹೊಟ್ಟೆಕಿಚ್ಚು.

ಸರಿ, ಯುದ್ಧಸಿದ್ಧತೆ ಶುರುವಾಯಿತು. ಒಂದು ಮೈಕ್ ತರಿಸಿದೆ. ಧ್ವನಿ ತಿದ್ದುವ ಉಚಿತ ಸಾಫ್ಟ್‌ವೇರನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಂಡೆ. ಯೂಟ್ಯೂಬಿನಲ್ಲಿ ಒಬ್ಬ ಗುರುವನ್ನು ಹಿಡಿದೆ. ಮೈಕಿನ ಮುಂದೆ ಜಾಲರಿ ಇರಬೇಕು, ಇಲ್ಲವಾದರೆ ‘ಪ’ಕಾರ ‘ಬ’ಕಾರಗಳು ಪಟಾಕಿ ಹೊಡೆಯುತ್ತವೆ ಎಂದ ಆತ. ಅಡುಗೆಮನೆಯ ಟೀ ಸೋಸುವ ಜಾಲರಿಯನ್ನು ರಬ್ಬರ್ ಬ್ಯಾಂಡ್ ಹಾಕಿ ಮೈಕಿಗೆ ಕಟ್ಟಿದೆ. ಆ ಸಂಜೆಯ ಟೀಯಲ್ಲಿ ಸೊಪ್ಪು ತೇಲಿದ್ದರ ಬಗ್ಗೆ ಇಲ್ಲಿ ಮಾತು ಬೇಡ.

ಭಾನುವಾರ ಬೆಳಿಗ್ಗೆ ಮೊದಲ ರೆಕಾರ್ಡಿಂಗ್. “ಶ್ರೀ ಗಣೇಶಾಯ...” ಎಂದೆ. “ಹಳೇ ಪೇಪರ್! ಹಳೇ ಕಬ್ಣ!” ಎಂದಿತು ಬೀದಿಯ ಗಾಡಿ. ಎರಡನೆಯ ಸಲ “ನಮ್ಮ ಸುಪುತ್ರನಾದ...” ಎನ್ನುವಾಗ ಕುಕ್ಕರ್ ಕೂಗಿತು. ಮೂರನೆಯ ಸಲ ಎದುರುಮನೆಯವರು ಕಾರನ್ನು ಹಿಂದಕ್ಕೆ ತೆಗೆದರು. ಆ ಕಾರು ಹಿಂದೆ ಬರುವಾಗ ಹಾಡುವ ಹಾಡು ನಮ್ಮ ಬಡಾವಣೆಗೆಲ್ಲ ಬಾಯಿಪಾಠ.

ಗುರುವಿನ ಇನ್ನೊಂದು ಉಪದೇಶ ನೆನಪಾಯಿತು. ಬಟ್ಟೆಗಳ ನಡುವೆ ಕೂತರೆ ಹೊರಗಿನ ಸದ್ದು ಬಾರದಂತೆ! ತಕ್ಷಣ ಮಲಗುವ ಕೋಣೆಯ ವಾರ್ಡ್‌ರೋಬಿನ ಕೆಳಗಿನ ಖಾನೆಯ ಬಟ್ಟೆಗಳನ್ನು ಒತ್ತರಿಸಿ ಜಾಗ ಮಾಡಿ, ಮೈಕ್, ಲ್ಯಾಪ್‌ಟಾಪ್, ಟಾರ್ಚ್ ಸಮೇತ ಒಳಗೆ ನುಸುಳಿದೆ. ಮೇಲೆ ಎರಡು ರಜಾಯಿ ಹೊದ್ದೆ. ಬಾಗಿಲು ಎಳೆದುಕೊಳ್ಳುವಷ್ಟರಲ್ಲಿ ವಾರಿಜಾ ಒಣಗಿಸುವ ಬಟ್ಟೆಯ ಬಕೆಟ್ ಹಿಡಿದು ಬಂದಳು.

“ಅಯ್ಯೋ ದೇವರೇ! ಏನ್ರೀ ಇದು? ನನ್ನ ರೇಷ್ಮೆ ಸೀರೆ ಮೇಲೆ ಕೂತಿದೀರಾ?”

“ಇದು ಸ್ಟುಡಿಯೋ. ಸದ್ದು ಮಾಡ್ಬೇಡ.”

“ಸೀರೆ ಮೇಲೆ ಬೆವರು ಬೀಳ್ಲಿ, ಆಮೇಲೆ ನಾನು ಮಾಡೋ ಸದ್ದು ನೋಡ್ಕೊಳ್ಳಿ,” ಎಂದು ಹೇಳಿ ಆಕೆ ವಾರ್ಡ್‌ರೋಬಿನ ಪಕ್ಕದ ಕಿಟಕಿಯಾಚೆಗಿನ ಬಾಲ್ಕನಿಗೆ ಹೋದಳು.

ಆ ಕತ್ತಲಲ್ಲಿ, ಆ ಸೆಕೆಯಲ್ಲಿ, ನುಸಿಗುಳಿಗೆಯ ಘಾಟಿನಲ್ಲಿ ಮೂರು ನಿಮಿಷದ ಆಹ್ವಾನವನ್ನು ಉಸಿರು ಹಿಡಿದು ಓದಿ ಮುಗಿಸಿದೆ. ಈಚೆ ಬಂದಾಗ ನನ್ನ ಬನಿಯನ್ನನ್ನು ಹಿಂಡಿದ್ದರೆ ಒಂದು ಚೊಂಬು ತುಂಬುತ್ತಿತ್ತು. ಆದರೂ ಮನಸ್ಸು ಹಗುರವಾಗಿತ್ತು.

ಇನ್ನು ಉಳಿದದ್ದು ಧ್ವನಿ ಶುದ್ಧಿ. ಫ್ಯಾನಿನ ಗುಂಯ್ ಸದ್ದು ತೆಗೆಯಲು ಸಾಫ್ಟ್‌ವೇರಿನಲ್ಲಿ ಒಂದು ಉಪಾಯವಿದೆ. “ಮೊದಲು ಒಂದು ಸ್ಯಾಂಪಲ್ ಆಯ್ಕೆ ಮಾಡಿ...” ಎಂದ ಗುರು. ಆತ ನಿಧಾನಸ್ಥ. ನನಗೆ ತಾಳ್ಮೆಯಿಲ್ಲ. ಮುಂದಕ್ಕೆ ಓಡಿಸಿ, ಕೊನೆಗೆ ಯಾವ ಬಟನ್ ಒತ್ತಬೇಕೆನ್ನುವುದನ್ನಷ್ಟೇ ನೋಡಿಕೊಂಡೆ. ಸ್ಯಾಂಪಲ್ ಅಂದರೆ ನನಗೆ ತಿಳಿಯದೇ? ಬ್ಲೌಸ್ ಪೀಸ್ ತರಲು ಹೋದಾಗ ಸೀರೆಯ ಸೆರಗು ತೋರಿಸುವುದಿಲ್ಲವೇ, ಇಂಥದ್ದೇ ಕೊಡಿ ಎಂದು? ಹಾಗೆಯೇ ನನ್ನ ದನಿ ಅತ್ಯಂತ ಭವ್ಯವಾಗಿ ಮೊಳಗಿದ್ದ ಹತ್ತು ಸೆಕೆಂಡನ್ನು ಆರಿಸಿ, “ಇಂಥದ್ದೇ ಇರಲಿ” ಎಂದು ಸಾಫ್ಟ್‌ವೇರಿಗೆ ಒಪ್ಪಿಸಿದೆ. ಸ್ಯಾಂಪಲ್ ಕೊಡಬೇಕಾದದ್ದು ಅಳಿಸಬೇಕಾದ ಸದ್ದಿನದ್ದು ಎಂದು ಆಮೇಲೆ ತಿಳಿಯಿತು! ಆ ಪ್ರಾಮಾಣಿಕ ಯಂತ್ರ ನನ್ನ ದನಿಯನ್ನು ಗಲಾಟೆ ಎಂದು ಬರೆದುಕೊಂಡು, ಮೂರು ನಿಮಿಷದ ಉದ್ದಕ್ಕೂ ಗುಡಿಸಿ ಹಾಕಿತು. ಉಳಿದದ್ದು ಸಣ್ಣಗೆ ಕಾಣುತ್ತಿದೆಯಲ್ಲಾ ಎಂದು ನಾನೇ ಇನ್ನೊಂದು ಬಟನ್ ಒತ್ತಿ ಅದನ್ನು ಹತ್ತು ಪಟ್ಟು ಜೋರು ಮಾಡಿದೆ.

ಹೆಡ್‌ಫೋನ್ ಹಾಕಿಕೊಂಡು ಕೇಳಿದೆ.

ನಾನಿಲ್ಲ! ಎಲ್ಲೂ ಇಲ್ಲ! ನನ್ನ ಜಾಗದಲ್ಲಿ ಬಾಲ್ಕನಿಯಲ್ಲಿ ನಿಂತು ಫೋನಿನಲ್ಲಿ ಮಾತಾಡುತ್ತಿದ್ದ ವಾರಿಜಾ ಸ್ಫಟಿಕದಷ್ಟು ಸ್ಪಷ್ಟವಾಗಿ ಕೇಳಿಸುತ್ತಿದ್ದಳು.

“ಇವರ ದನಿ ಹಾಕಿದ್ರೆ ಮುಂಜಿಗೆ ಕರೆದ ಹಾಗಿರಲ್ಲ ಕಣೋ ವಸಿಷ್ಠ, ಪ್ರೀಮಿಯಂ ಕಟ್ಟಿ ಅಂತ ಹೆದರಿಸಿದ ಹಾಗಿರುತ್ತೆ! ನಿಂದೇ ರೆಕಾರ್ಡ್ ಮಾಡಿ ಕಳಿಸು. ಇವರದ್ದನ್ನ ಇವರೊಬ್ಬರಿಗೇ ಕಳಿಸ್ತೀನಿ. ನೋಡ್ಕೊಂಡು ಖುಷಿಯಾಗಿರಲಿ, ಪಾಪ!”

ಹೆಡ್‌ಫೋನ್ ಕಿತ್ತೆಸೆದೆ. ಹದಿನಾಲ್ಕು ವರ್ಷದ ದಾಂಪತ್ಯ! ಮೋಸ ಮಾಡಿದ್ದಕ್ಕಿಂತ ನನಗೆ ಹೆಚ್ಚು ಉರಿದದ್ದು ಆ ಕೊನೆಯ “ಪಾಪ.”

ವಾರಿಜಾ ತರಕಾರಿ ತರಲು ಹೋಗಿದ್ದಳು. ಆಕೆ ಬರುವುದರೊಳಗೆ ನನ್ನ ದನಿ ಲೋಕಕ್ಕೆ ಮುಟ್ಟಬೇಕು! ಶುದ್ಧಿಯೂ ಬೇಡ, ಗಿದ್ಧಿಯೂ ಬೇಡ, ಮೊದಲು ಓದಿದ್ದನ್ನೇ ಹಾಗೇ ಕಳಿಸುತ್ತೇನೆ ಎಂದು ಕೂತೆ. ಗಣಪತಿ ವಿಡಿಯೋ ಸಿದ್ಧವಿತ್ತು, ಧ್ವನಿಯ ಫೈಲ್ ಜೋಡಿಸುವುದಷ್ಟೇ ಬಾಕಿ. ಲ್ಯಾಪ್‌ಟಾಪಿನಲ್ಲಿ ‘ಮುಂಜಿ ಫೈನಲ್’ ಮತ್ತು ‘ಮುಂಜಿ ಫೈನಲ್ ಎರಡು’ ಎಂದು ಎರಡು ಫೈಲ್ ಇದ್ದವು. ಯಾವುದು ಯಾವುದೆಂದು ನೋಡುವ ತಾಳ್ಮೆ ಆ ಸಿಟ್ಟಿನಲ್ಲಿ ಎಲ್ಲಿತ್ತು? ಒಂದನ್ನು ಒತ್ತಿದೆ, ಜೋಡಿಸಿದೆ, ‘ನಮ್ಮ ಬಂಧು ಬಳಗ’ ಗ್ರೂಪಿಗೆ ಕಳಿಸಿಯೇಬಿಟ್ಟೆ. ನೂರ ಎಂಬತ್ತಾರು ಜನ! ನಂತರ ಕಾಲು ಚಾಚಿ ಕೂತು, ಹೊಗಳಿಕೆಗೆ ಉತ್ತರವಾಗಿ ಏನು ಬರೆಯಬೇಕೆಂದು ಯೋಚಿಸತೊಡಗಿದೆ.

ಮೊದಲ ಮೆಸೇಜ್ ಪುಟ್ಟೇನಹಳ್ಳಿ ಚಿಕ್ಕಪ್ಪನದ್ದು. “ಆ ಆರು ಮನೆ ಯಾವುವು?”

ಯಾವ ಆರು ಮನೆ? ನನಗೆ ಅರ್ಥವಾಗಲಿಲ್ಲ. ಹಿಂದೆಯೇ ಇನ್ನೊಂದು ಬಂತು. “ನಾವು ಆರರಲ್ಲಿ ಇದೀವೋ ಇಲ್ವೋ?” ಮತ್ತೊಬ್ಬರು ಅಳುವ ಮುಖ ಹಾಕಿದರು. ಇನ್ಯಾರೋ ಚಪ್ಪಾಳೆ ತಟ್ಟಿ, “ವಾರಿಜಾಗೆ ಜೈ” ಎಂದರು.

ವಾರಿಜಾಗೆ ಯಾಕೆ ಜೈ? ನಾನೇ ಕಳಿಸಿದ್ದನ್ನು ತೆರೆದೆ. ನಾದಸ್ವರ ಮೊಳಗಿತು. ತೆರೆಯ ಮೇಲೆ ಬಂಗಾರದ ಅಕ್ಷರದಲ್ಲಿ ‘ತಮ್ಮ ಆಗಮನವೇ ನಮಗೆ ಆಶೀರ್ವಾದ’ ಎಂದು ಮೂಡಿತು. ಅದರ ಕೆಳಗೆ ಆಶ್ರಿತ ನಗುತ್ತಿದ್ದ. ದನಿ ಹೇಳಿತು: “ಇವರ ದನಿ ಹಾಕಿದ್ರೆ...”

ಅಳಿಸು, ಅಳಿಸು ಎಂದು ನನಗೆ ನಾನೇ ಕೂಗಿಕೊಂಡು ಡಿಲೀಟ್ ಒತ್ತಿದೆ. ಅಳಿಯಿತು. ಅಬ್ಬಾ ಎಂದು ಉಸಿರು ಬಿಟ್ಟೆ. ಮೆಸೇಜುಗಳು ಮಾತ್ರ ಬರುತ್ತಲೇ ಇದ್ದವು. ಎಲ್ಲರ ಫೋನಿನಿಂದ ಅಳಿಸುವುದಕ್ಕೆ ಒಂದು ಬಟನ್, ನನ್ನ ಫೋನಿನಿಂದ ಮಾತ್ರ ಅಳಿಸುವುದಕ್ಕೆ ಇನ್ನೊಂದು. ನಾನು ಒತ್ತಿದ್ದು ಎರಡನೆಯದು. ಈಗ ಆ ವಿಡಿಯೋ ಜಗತ್ತಿನಲ್ಲಿ ಎಲ್ಲರ ಹತ್ತಿರವೂ ಇತ್ತು, ನನ್ನೊಬ್ಬನ ಹತ್ತಿರ ಇರಲಿಲ್ಲ.

ಅಷ್ಟರಲ್ಲಿ ಬಾಗಿಲು ತೆರೆಯಿತು. ಒಂದು ಕೈಯಲ್ಲಿ ತರಕಾರಿ ಚೀಲ, ಇನ್ನೊಂದರಲ್ಲಿ ಫೋನ್. ವಾರಿಜಾ ಚೀಲ ಕೆಳಗಿಟ್ಟು, ಫೋನಿನಿಂದ ಕಣ್ಣೆತ್ತಿ ನನ್ನನ್ನು ನೋಡಿದಳು.

“ಏನು ನೋಡ್ತೀಯ? ಮೋಸ ಮಾಡಿದ್ದು ನೀನು!” ಎಂದು ನಾನೇ ಮೊದಲು ದಾಳಿಯಿಟ್ಟೆ.

ಅವಳು ಬಾಯಿ ತೆರೆಯುವ ಮೊದಲೇ ನನ್ನ ಫೋನ್ ಬಡಿದುಕೊಂಡಿತು. ಬಸವನಗುಡಿಯ ದೊಡ್ಡತ್ತೆ. ನಮ್ಮ ತಂದೆಯ ಅಕ್ಕ, ಇಡೀ ವಂಶದ ಹೈಕೋರ್ಟು. ನ್ಯಾಯ ಎಲ್ಲರಿಗೂ ಕೇಳಲಿ ಎಂದು ಸ್ಪೀಕರಿಗೆ ಹಾಕಿದೆ.

“ರಾಮೂ, ವಿಡಿಯೋ ಬಂತು ಕಣೋ. ಮೂರು ಸಲ ಕೇಳ್ದೆ.”

“ಕೇಳಿದ್ರಲ್ಲ ದೊಡ್ಡತ್ತೆ! ಕಟ್ಕೊಂಡ ಹೆಂಡ್ತೀನೇ ಹೀಗೆ ಮಾಡಿದ್ರೆ ನಾನು ಯಾರ ಹತ್ರ ಹೇಳ್ಕೊಳ್ಳಿ?”

“ನೀನು ಪೂರ್ತಿ ಕೇಳಿದೀಯೇನೋ?”

“ಅರ್ಧ ನಿಮಿಷಕ್ಕೇ ಸಾಕಾಗಿ ಹೋಯ್ತು!”

“ಗ್ರೂಪಲ್ಲಿರೋರೆಲ್ಲ ಪೂರ್ತಿ ಕೇಳಿದೀವಿ. ಕೇಳದೇ ಇರೋನು ನೀನೊಬ್ಬ. ಕಳಿಸ್ತೀನಿ ತಡಿ. ಮಧ್ಯ ಬಾಯಿ ಹಾಕ್ದೆ ಕೇಳು.”

ಅದೇ ಗಣಪತಿ ಮತ್ತೆ ಬಂದ. ಈ ಸಲ “ಪಾಪ” ದಾಟಿ ಮುಂದಕ್ಕೆ ಹೋಯಿತು. ಸ್ವಲ್ಪ ಹೊತ್ತು ಮೌನ. ಆ ಕಡೆಯಿಂದ ವಸಿಷ್ಠ ಏನೋ ಹೇಳುತ್ತಿರಬೇಕು. ಆಮೇಲೆ ವಾರಿಜಾ:

“ಏನು? ನೀನು ಮಾಡಲ್ವಾ?... ಕರೆಯೋರು ಹುಡುಗನ ಅಪ್ಪ, ದನಿ ಭಾವಂದೇ ಇರಬೇಕು ಅಂತೀಯಾ?... ಹೂಂ. ಅದೂ ನಿಜ ಅನ್ನು. ಇಲ್ನೋಡು, ಮಗನಿಗೋಸ್ಕರ ವಾರ್ಡ್‌ರೋಬ್ ಒಳಗೆ ರಜಾಯಿ ಹೊದ್ಕೊಂಡು ಬೇಯ್ತಾ ಇದಾರೆ. ನೋಡಿದ್ರೆ ಹೊಟ್ಟೆ ಚುರ್ ಅನ್ನುತ್ತೆ. ಸರಿ ಬಿಡೋ, ಇವರದ್ದೇ ಕಳಿಸೋಣ. ಗುಡುಗಿದ ಹಾಗಿದ್ರೂ ನಮ್ಮನೆ ದನಿ ತಾನೇ. ಹೇಗಿದ್ರೂ ವಿಡಿಯೋ ಸಾಕು ಅನ್ನೋರಿಗೆ ಮಾತ್ರ ಅದು. ಮುಖ್ಯವಾದ ಆರು ಮನೆಗೆ ನಾವೇ ಹೋಗಿ ಕರೀತೀವಲ್ಲ.”

ವಿಡಿಯೋ ಮುಗಿಯಿತು. ತೆರೆಯ ಮೇಲೆ ‘ಸರ್ವರಿಗೂ ಆದರದ ಸ್ವಾಗತ’ ಎಂಬ ಅಕ್ಷರ ಮಿನುಗುತ್ತಿತ್ತು.

ನನಗೆ ನಾಚಿಕೆಯಾಯಿತು. ತಮಾಷೆಗೆ ಹೇಳುತ್ತಿಲ್ಲ, ತಲೆ ಎತ್ತಲಾರದಷ್ಟು ನಾಚಿಕೆಯಾಯಿತು. ಯಾರನ್ನು ಶತ್ರು ಎಂದುಕೊಂಡಿದ್ದೆನೋ ಆ ವಸಿಷ್ಠ ನನ್ನ ಪರವಾಗಿ ವಾದಿಸಿದ್ದ. ಯಾರು ಮೋಸ ಮಾಡಿದಳೆಂದು ಕೂಗಾಡಿದ್ದೆನೋ ಆಕೆ ನನಗಾಗಿ ಒಪ್ಪಿಕೊಂಡಿದ್ದಳು. ನನ್ನ ದನಿಯೇ ಹೋಗಬೇಕೆಂದು ಮನೆಯವರೆಲ್ಲ ಸೇರಿ ಏರ್ಪಾಟು ಮಾಡಿದ್ದರು, ನಾನೇ ಕೂತು ಅದನ್ನು ಚೊಕ್ಕವಾಗಿ ಅಳಿಸಿ ಹಾಕಿದ್ದೆ.

“ವಾರಿಜಾ, ತಪ್ಪಾಯ್ತು,” ಎಂದೆ.

“ತಪ್ಪು ಒಪ್ಪೆಲ್ಲ ಆಮೇಲೆ. ಈಗ ಇದನ್ನ ನೋಡಿ,” ಎಂದು ತನ್ನ ಫೋನ್ ತೋರಿಸಿದಳು. “ನಮ್ಮನ್ನೂ ಮನೆಗೇ ಬಂದು ಕರೀಬೇಕು ಅಂತ ಎಲ್ರೂ ಪಟ್ಟು ಹಿಡಿದಿದಾರೆ. ಆರು ಮನೆ ಇದ್ದಿದ್ದು ಅರವತ್ತೆಂಟಾಗಿದೆ. ವಿಡಿಯೋ ಸಾಕು ಅನ್ನೋರು ಒಬ್ರೂ ಉಳಿದಿಲ್ಲ. ಸ್ಕೂಟರಿಗೆ ಪೆಟ್ರೋಲ್ ಹಾಕಿಸಿ.”

ಮುಂಜಿಗೆ ಹನ್ನೊಂದು ದಿನ ಉಳಿದಿತ್ತು. ಅಕ್ಷತೆ, ಕುಂಕುಮದ ಭರಣಿ, ಒಂದು ಚೀಲ ಕಾರ್ಡ್ ಹಿಡಿದು ಗಂಡ ಹೆಂಡತಿ ಹೊರಟೆವು. ನನ್ನೊಳಗೆ ಒಂದು ಸಣ್ಣ ಆಸೆ ಇನ್ನೂ ಉಸಿರಾಡುತ್ತಿತ್ತು. ವಿಡಿಯೋ ಹೋದರೆ ಹೋಗಲಿ, ಎದುರಿಗೇ ನಿಂತು ಹೇಳುವ ಅವಕಾಶ ಅರವತ್ತೆಂಟು ಸಲ ಸಿಕ್ಕಿತಲ್ಲ!

ಮೊದಲ ಮನೆ ಪುಟ್ಟೇನಹಳ್ಳಿ ಚಿಕ್ಕಪ್ಪನದ್ದು. ನಾನು ಗಂಟಲು ಸರಿಮಾಡಿಕೊಂಡು, ಎದೆಯುಬ್ಬಿಸಿ, “ಶ್ರೀ ಗಣೇಶಾಯ” ಎಂದು ಎತ್ತಿಕೊಂಡು, ಮುಹೂರ್ತ, ಛತ್ರ, ಬಸ್ ನಂಬರುಗಳವರೆಗೆ ಒಂದಕ್ಷರ ಬಿಡದೆ ಇಡೀ ಆಹ್ವಾನವನ್ನು ಮೊಳಗಿಸಿದೆ. ಚಿಕ್ಕಪ್ಪ ಚಿಕ್ಕಮ್ಮ ಇಬ್ಬರೂ ಕೈಕಟ್ಟಿ ಕೂತು ಕೊನೆಯವರೆಗೂ ಕೇಳಿದರು.

“ಆಯ್ತೇನಪ್ಪ?” ಎಂದು ಕೇಳಿದರು ಚಿಕ್ಕಪ್ಪ.

“ಆಯ್ತು ಚಿಕ್ಕಪ್ಪ!” ಎಂದೆ ಹೆಮ್ಮೆಯಿಂದ.

ಅವರು ವಾರಿಜಾಳ ಕಡೆ ತಿರುಗಿದರು. “ಸರಿ, ಇನ್ನು ನೀನು ಕರೆಯಮ್ಮ. ಬರ್ತೀವಿ.”