ಹವಾಮಾನದ ಮಾನ ಕಳೆದದ್ದು

ಪ್ರತಿಯೊಬ್ಬರಿಗೂ ಒಂದೊಂದು ಚಟ ಇರುತ್ತದೆ. ಕೆಲವರಿಗೆ ಎಲೆಯಡಿಕೆ, ಕೆಲವರಿಗೆ ಇಸ್ಪೀಟು, ಇನ್ನು ಕೆಲವರಿಗೆ ಬೆಳಗ್ಗೆ ಎದ್ದ ತಕ್ಷಣ ಊರಿಗೆಲ್ಲ ಮೊಬೈಲಿನಲ್ಲಿ ಗುಲಾಬಿ ಹೂವು ಹಂಚುವುದು. ನನಗಿರುವುದು ಕನ್ನಡಿಸುವ ಚಟ. ಇಂಗ್ಲಿಷಿನ ಒಂದು ಸಾಲು ಕಣ್ಣಿಗೆ ಬಿದ್ದರೆ ಸಾಕು, ಅದನ್ನು ಕನ್ನಡಕ್ಕೆ ತಿರುಗಿಸುವವರೆಗೆ ಕೈ ಕಡಿಯುತ್ತದೆ. ವಿಜಯಪುರದ ಒಂದು ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿರುವುದರಿಂದ ಇದನ್ನು ಕಸುಬಿನ ಕಾಯಿಲೆ ಎಂದು ಹೇಳಿ ಇಷ್ಟು ವರ್ಷ ಪಾರಾಗಿದ್ದೇನೆ. ವಿಜಯಪುರ ಎಂದರೆ ಗೋಳಗುಮ್ಮಟದ ಊರಲ್ಲ, ನಮ್ಮ ದೇವನಹಳ್ಳಿ ತಾಲ್ಲೂಕಿನದು. ಇಲ್ಲಿ ಗುಮ್ಮಟವಿಲ್ಲ, ರೇಷ್ಮೆ ನೂಲು ಹುರಿ ಮಾಡುವ ಮಷಿನ್ನುಗಳಿವೆ. ಅವುಗಳ ಗದ್ದಲದಲ್ಲಿ ಬದುಕುವ ನಾವು ಮಾತನ್ನು ಸ್ವಲ್ಪ ಜೋರಾಗಿಯೇ ಆಡುತ್ತೇವೆ.

ಹಿಂದೊಮ್ಮೆ ಮನೆಗೆ ಹೊಸ ಕುಕ್ಕರ್ ಬಂದಾಗ ಅದರ ಜೊತೆಗಿದ್ದ ಸೂಚನೆಗಳನ್ನೆಲ್ಲ ಕನ್ನಡಿಸಿ ಅಡುಗೆಮನೆಯ ಗೋಡೆಗೆ ಅಂಟಿಸಿದ್ದೆ. “ಒತ್ತಡ ನಿಯಂತ್ರಕವು ಸಶಬ್ದವಾಗಿ ಉದ್ಘೋಷಿಸಿದ ತರುವಾಯ ಜ್ವಾಲೆಯನ್ನು ತಗ್ಗಿಸತಕ್ಕದ್ದು.” ನನ್ನ ಹೆಂಡತಿ ಗಿರಿಜ ಅದನ್ನು ಎರಡು ಸಲ ಓದಿದಳು. “ಸೀಟಿ ಹೊಡೆದ್ಮೇಲೆ ಉರಿ ಸಣ್ಣ ಮಾಡು ಅಂತ ತಾನೇ?” ಎಂದಳು. ಹೌದೆಂದೆ. ಅದರ ಮೇಲೆ ಕ್ಯಾಲೆಂಡರ್ ನೇತುಹಾಕಿದಳು. ಅದಕ್ಕೆ ನಾನು ಬೇಸರ ಪಟ್ಟುಕೊಳ್ಳಲಿಲ್ಲ. ನನ್ನ ಚಟದಿಂದ ಅಲ್ಲಿಯವರೆಗೆ ಯಾರಿಗೂ ನಷ್ಟವಾಗಿರಲಿಲ್ಲ ನೋಡಿ. ಆದರೆ ಕಳೆದ ಅವರೆಕಾಯಿ ಕಾಲದಲ್ಲಿ ನನ್ನ ಮಗಳ ಒಂದು ವರ್ಷದ ಓದು ಈ ಚಟದಿಂದ ಕೆರೆ ಪಾಲಾಗುವುದರಲ್ಲಿತ್ತು. ಉಳಿಸಿದವಳು ಅವಳಮ್ಮ. ಅದನ್ನೇ ಹೇಳಲು ಹೊರಟಿದ್ದೇನೆ.

ಮಗಳು ಚೈತ್ರ ಬೆಂಗಳೂರಿನ ಕಾಲೇಜೊಂದರಲ್ಲಿ ಸಮಾಜಕಾರ್ಯ ಓದುತ್ತಾಳೆ. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಕೋರ್ಸು ಮುಗಿಯಬೇಕಾದರೆ ಜನಾಭಿಪ್ರಾಯ ಸಂಗ್ರಹಿಸಿ ಒಂದು ವರದಿ ಬರೆದು ಕೊಡಬೇಕು. ಅವಳಿಗೆ ಸಿಕ್ಕ ವಿಷಯ, ಕೊರೊನಾದಂಥ ಪಿಡುಗು ಬಂದು ಹೋದ ಮೇಲೆ ಭೂಮಿ ಬಿಸಿಯಾಗುವುದನ್ನು ತಡೆಯುವ ಕೆಲಸ ಹಿಂದೆ ಬಿತ್ತೇ, ಮುಂದೆ ಹೋಯಿತೇ, ಇದರ ಬಗ್ಗೆ ಸಾಮಾನ್ಯ ಜನ ಏನೆನ್ನುತ್ತಾರೆ ಎಂಬುದು. ಅವಳ ಮೇಡಂ ಭಾರಿ ಕಟ್ಟುನಿಟ್ಟು. “ಸೋಮವಾರ ವರದಿ ಕೈಗೆ ಬರ್ಬೇಕು, ಇಲ್ಲಾಂದ್ರೆ ಮುಂದಿನ ವರ್ಷ ಬಾ” ಎಂದಿದ್ದರಂತೆ. ಪ್ರಶ್ನೆಗಳೆಲ್ಲ ಇಂಗ್ಲಿಷಿನಲ್ಲಿದ್ದವು. “ಅಪ್ಪಾ, ಇದನ್ನ ನಮ್ಮ ಬೀದಿಯವ್ರಿಗೆ ಅರ್ಥ ಆಗೋ ಹಾಗೆ ಕನ್ನಡದಲ್ಲಿ ಬರ್ಕೊಡು” ಎಂದು ಕೇಳಿದಳು. ಹಸಿದವನ ಮುಂದೆ ಎಲೆ ಹಾಕಿದ ಹಾಗಾಯಿತು.

ನನ್ನ ಮೊದಲ ಪ್ರಯತ್ನ ಹೀಗಿತ್ತು: “ಜಾಗತಿಕ ಮಹಾಪಿಡುಗಿನ ತರುವಾಯ ವಾಯುಗುಣ ವೈಪರೀತ್ಯ ನಿಯಂತ್ರಣೋಪಕ್ರಮಗಳು ಹಿನ್ನಡೆಯನ್ನು ಹೊಂದಿದವೆಂದು ತಾವು ಪರಿಭಾವಿಸುವಿರಾ?” ಚೈತ್ರ ಓದಿ ತಲೆ ಮೇಲೆ ಕೈ ಹೊತ್ತಳು. “ಅಪ್ಪಾ, ಇದನ್ನ ಓದಿ ಮುಗಿಸೋಷ್ಟರಲ್ಲಿ ಇನ್ನೊಂದು ಕೊರೊನಾ ಬಂದು ಹೋಗತ್ತೆ.” ನನಗೆ ಕೆಣಕಿದಂತಾಯಿತು. ಸರಳ ಕನ್ನಡ ಬೇಕೋ, ತಗೋ ಎಂದು ಕೂತೆ. ಹವಾಮಾನ ಬದಲಾವಣೆ ಎಂಬುದೇ ಸಾಕಷ್ಟು ಸರಳ. ಆದರೆ ಹಟಕ್ಕೆ ಬಿದ್ದವನಿಗೆ ಅದೂ ಉದ್ದವಾಗಿ ಕಂಡಿತು. ಆ ‘ಮಾನ’ ಯಾಕೆ, ದಂಡಕ್ಕೆ? ಕತ್ತರಿಸಿ ಎಸೆದೆ. “ಕೊರೊನಾ ಬಂದ ಮೇಲೆ ಹವಾ ಬದಲಾವಣೆ ಕೆಲಸ ಹಿಂದೆ ಬಿತ್ತಾ, ಮುಂದೆ ಹೋಯ್ತಾ? ಇದಕ್ಕೆ ಯಾರು ಹೊಣೆ? ಇನ್ನು ಮುಂದೆ ಏನು ಮಾಡಬೇಕು?” ಎಷ್ಟು ಚೆಂದ! ಪುಟ್ಟ ಪುಟ್ಟ ಮಾತು, ನೀರು ಕುಡಿದಷ್ಟು ಸಲೀಸು. ಚೈತ್ರ ನನ್ನ ಬೆನ್ನು ತಟ್ಟಿದಳು. ಹವಾಮಾನದಿಂದ ನಾನು ಕತ್ತರಿಸಿ ಎಸೆದ ಮಾನ ನನ್ನದೇ ಎಂಬುದು ಆಗ ಗೊತ್ತಿರಲಿಲ್ಲ.

ಶನಿವಾರ ಮಧ್ಯಾಹ್ನ ಸ್ಕೂಲು ಬಿಟ್ಟ ಮೇಲೆ ಅಪ್ಪ ಮಗಳು ಬೀದಿಗಿಳಿದೆವು. ಕೇಳುವವಳು ಅವಳು, ನಾನು ಸುಮ್ಮನೆ ಹಿಂದೆ. ನನ್ನ ಕನ್ನಡ ಜನರ ಕಿವಿಗೆ ಹೇಗೆ ಇಳಿಯುತ್ತದೆಂದು ನೋಡುವ ಆಸೆ. ಮೊದಲು ಎದುರು ಮನೆ ರತ್ನಮ್ಮ. ಪ್ರಶ್ನೆ ಮುಗಿಯುವ ಮುಂಚೆಯೇ ಉತ್ತರ ಬಂತು: “ಅಯ್ಯೋ, ಬೇಕೇ ಬೇಕು ಮಗಾ! ಕೊರೊನಾ ಬಂದ್ಮೇಲೆ ಹವಾ ಬದಲಾವಣೆ ಇಲ್ದಿದ್ರೆ ಮನುಷ್ಯ ಉಳಿಯಲ್ಲ. ನಮ್ ಯಜಮಾನ್ರನ್ನ ಸಮೇತನಹಳ್ಳೀಲಿರೋ ನಾದಿನಿ ಮನೇಗೆ ಕಳಿಸಿದ್ದೆ. ತೋಟದ ಗಾಳಿ ಕುಡ್ದು ಹೆಂಗೆ ಗುಂಡುಗುಂಡಗೆ ಆಗ್ಬಂದ್ರು ಗೊತ್ತಾ!” ಚೈತ್ರ ‘ಆರೋಗ್ಯದ ಆಯಾಮ’ ಎಂದು ಬರೆದುಕೊಂಡಳು. ಪಕ್ಕದಲ್ಲಿ ಹುರಿ ಮಷಿನ್ ನಡೆಸುವ ಖಲೀಲ್ ಸಾಬರು ಮಷಿನ್ ಸದ್ದಿನ ಮೇಲೆ ಕೂಗಿ ಹೇಳಿದರು: “ಹವಾ ಬದಲಾವಣೆ ಗ್ಯಾರಂಟಿ ಬೇಟಿ! ಕೊರೊನಾದಾಗೆ ಆ ಮೆಂಬರ್ ಮುಖಾನೇ ತೋರಿಸ್ಲಿಲ್ಲ. ಅವಂದು ಹವಾ ಮುಗೀತು. ಈ ಸಲ ವಾರ್ಡಲ್ಲಿ ಬೇರೆಯವ್ರದ್ದೇ ಹವಾ.” ಚೈತ್ರ ‘ಸ್ಥಳೀಯ ಆಡಳಿತದ ಪಾತ್ರ’ ಎಂದು ಬರೆದಳು. ಹೀಗೆ ಬೀದಿ ಪೂರ್ತಿ ಒಬ್ಬರಿಗಿಂತ ಒಬ್ಬರು ಹುರುಪಿನಿಂದ ಹೇಳಿದರು. ಬೇಡ ಎಂದವರು ಒಬ್ಬರೂ ಇಲ್ಲ. ನನಗೆ ಎದೆಯುಬ್ಬಿತು. ನೋಡಿದೆಯಾ, ಸರಿಯಾದ ಕನ್ನಡದಲ್ಲಿ ಕೇಳಿದರೆ ನಮ್ಮ ಜನ ಇಡೀ ಜಗತ್ತನ್ನೇ ಉಳಿಸಲು ಸಿದ್ಧರಿದ್ದಾರೆ ಎಂದು ಮಗಳಿಗೆ ದಾರಿಯುದ್ದಕ್ಕೂ ಕೊರೆದೆ.

ಮನೆಗೆ ಬಂದಾಗ ಗಿರಿಜ ಹಜಾರದಲ್ಲಿ ಮೊರದ ಮುಂದೆ ಕೂತು ಅವರೆಕಾಳು ಹಿತುಕುತ್ತಿದ್ದಳು. “ಅಮ್ಮಾ, ನಿನ್ನದೊಂದು ಬಾಕಿ” ಎಂದು ಚೈತ್ರ ಕೂತಳು. “ಕೊರೊನಾ ಬಂದ ಮೇಲೆ ಹವಾ ಬದಲಾವಣೆ ಕೆಲಸ ಹಿಂದೆ ಬಿತ್ತಾ, ಮುಂದೆ ಹೋಯ್ತಾ?”

ಗಿರಿಜ ತಲೆ ಎತ್ತದೆ ಹೇಳಿದಳು: “ಹಿಂದೆ ಬೀಳೋದೇನು, ಪೂರ್ತಿ ಬಿದ್ದೇ ಹೋಯ್ತು.”

“ಇದಕ್ಕೆ ಯಾರು ಹೊಣೆ?”

“ನಿಮ್ಮಪ್ಪ.”

ಚೈತ್ರಳ ಪೆನ್ನು ನಿಂತಿತು. ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಭೂಮಿ ಬಿಸಿಯಾಗುವುದಕ್ಕೆ ಹಲವು ದೇಶಗಳನ್ನು ಬೈಯುವುದು ಕೇಳಿದ್ದೇನೆ, ವಿಜಯಪುರದ ಕನ್ನಡ ಮೇಷ್ಟ್ರನ್ನು ಹೊಣೆ ಮಾಡಿದ್ದು ಅದೇ ಮೊದಲು. “ಅಲ್ಲಮ್ಮಾ, ಸರ್ಕಾರ ಏನು ಮಾಡ್ಬೇಕು ಅಂತ...” ಎಂದು ಚೈತ್ರ ತಡವರಿಸಿದಳು.

“ಸರ್ಕಾರಕ್ಕೂ ಇದಕ್ಕೂ ಏನೇ ಸಂಬಂಧ? ಡಾಕ್ಟ್ರು ಹೇಳಿದ್ದು ಸರ್ಕಾರಕ್ಕಾ? ‘ನಿಮ್ಮ ಮನೆಯವ್ರಿಗೆ ಹವಾ ಬದಲಾವಣೆ ಬೇಕು, ಎಲ್ಲಾದ್ರೂ ಕರ್ಕೊಂಡು ಹೋಗಿ’ ಅಂತ ಇವ್ರ ಮುಖಕ್ಕೇ ಹೇಳಿದ್ರು. ಇವ್ರು ಲಾಕ್‌ಡೌನ್ ಮುಗೀಲಿ ಅಂದ್ರು. ಆಮೇಲೆ ಪರೀಕ್ಷೆ ಮುಗೀಲಿ ಅಂದ್ರು. ಆ ನಂದಿಬೆಟ್ಟ ನಮ್ಮ ಮನೆ ತಾರಸಿಯಿಂದ ಕಾಣತ್ತೆ ಕಣೇ. ಅಲ್ಲಿಗೂ ಇಲ್ಲ.”

ಆಗ ನಮ್ಮಿಬ್ಬರಿಗೂ ಒಟ್ಟಿಗೇ ಹೊಳೆಯಿತು. ಚೈತ್ರ ಬರೆದುಕೊಂಡಿದ್ದ ಉತ್ತರಗಳನ್ನೆಲ್ಲ ಮೊದಲಿನಿಂದ ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ರತ್ನಮ್ಮ ಹೇಳಿದ್ದು ನಾದಿನಿಯ ತೋಟದ ಗಾಳಿ, ಸಾಬರು ಹೇಳಿದ್ದು ಎಲೆಕ್ಷನ್ನಿನ ಗಾಳಿ. ಜಗತ್ತಿನ ಗಾಳಿಯ ಬಗ್ಗೆ ಬೀದಿಯಲ್ಲಿ ಒಬ್ಬರೂ ಬಾಯಿ ಬಿಟ್ಟಿರಲಿಲ್ಲ, ಯಾಕೆಂದರೆ ಅದನ್ನು ನಾವು ಕೇಳಿಯೇ ಇರಲಿಲ್ಲ. “ಅಪ್ಪಾ, ನಾಡಿದ್ದು ಕೊಡ್ಬೇಕು” ಎಂದಳು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು. ಅವಳ ಕಣ್ಣಲ್ಲಿ ನೀರಿತ್ತು.

ಇಲ್ಲಿ ಒಂದು ಮಾತು ಹೇಳಬೇಕು. ಕೊರೊನಾದ ಎರಡನೇ ಸುತ್ತಿನಲ್ಲಿ ನಾನು ಮಲಗಿದ್ದು ಮುಂದಿನ ಕೋಣೆಯಲ್ಲಿ, ಬಾಗಿಲು ಹಾಕಿಕೊಂಡು. ಗಿರಿಜ ಆಗಾಗ ಬಂದು ಸೌಟಿನಿಂದ ಬಾಗಿಲು ಟಕಟಕ ಬಡಿಯುತ್ತಿದ್ದಳು. ನಾನು ಒಳಗಿನಿಂದ ಲೋಟದಲ್ಲಿ ಟಕಟಕ ಎನ್ನಬೇಕು. ಮಾತಾಡಿದರೆ ಕೆಮ್ಮು ಬರುತ್ತಿತ್ತಾದ್ದರಿಂದ ಅದು ನಮ್ಮ ಭಾಷೆ. ಉತ್ತರ ಬರುವವರೆಗೆ ಅವಳು ಬಡಿಯುವುದನ್ನು ನಿಲ್ಲಿಸುತ್ತಿರಲಿಲ್ಲ. ಕೆಲವೊಮ್ಮೆ ಲೋಟ ಎತ್ತುವುದೂ ಬೇಡವೆನಿಸುತ್ತಿತ್ತು, ಆದರೆ ಆ ಸೌಟಿನ ಹಟಕ್ಕೆ ಎತ್ತುತ್ತಿದ್ದೆ. ನಾನು ಬದುಕಿದ್ದು ಮಾತ್ರೆಯಿಂದಲೋ ಸೌಟಿನಿಂದಲೋ ಡಾಕ್ಟರರೇ ಹೇಳಬೇಕು. ನನ್ನನ್ನು ಕೇಳಿದರೆ ಸೌಟೇ. ನಾನು ಎದ್ದು ಓಡಾಡುವ ಹೊತ್ತಿಗೆ ಅವಳು ಕೆಮ್ಮುತ್ತ ಮಲಗಿದ್ದಳು. ಹವಾ ಬದಲಾವಣೆಯ ಮಾತು ಬಂದದ್ದು ಆಗ. ಇಂಥ ಹೆಂಗಸು ಸಿಕ್ಕಿದ್ದು ನನ್ನ ಪುಣ್ಯ ಎಂದು ಅಂದೂ ಅನಿಸಿತ್ತು, ಇಂದೂ ಅನಿಸುತ್ತದೆ. ಅನಿಸಿದ್ದನ್ನು ಬಾಯಿ ಬಿಟ್ಟು ಹೇಳುವುದೊಂದು ನಮ್ಮ ಕಡೆಯ ಗಂಡಸರಿಗೆ ಬರುವುದಿಲ್ಲ.

ಮಗಳ ಕಣ್ಣೀರು ನೋಡಿದ ಗಿರಿಜ ಕೈಯೊರೆಸಿಕೊಂಡು ಎದ್ದಳು. “ಅಳ್ತಾ ಕೂತ್ರೆ ವರದಿ ಬರತ್ತಾ? ನಾಳೆ ಭಾನುವಾರ, ಎಲ್ಲರೂ ಮನೇಲಿರ್ತಾರೆ. ಎಲ್ಲರನ್ನೂ ಇಲ್ಲಿಗೇ ಕರೀತೀನಿ. ಪ್ರಶ್ನೆ ನಾನು ಕೇಳ್ತೀನಿ, ನೀನು ಬರ್ಕೋ. ನೀವು,” ಎಂದು ನನ್ನ ಕಡೆ ತಿರುಗಿ, “ಅವರೆಕಾಯಿ ತಗೊಂಬನ್ನಿ. ಬಾಯಿ ಮಾತ್ರ ತೆಗೀಬೇಡಿ.”

ಮರುದಿನ ನಮ್ಮ ಮನೆ ಮುಂದಿನ ಜಗಲಿಯಲ್ಲಿ ಅರ್ಧ ಬೀದಿ ಸೇರಿತ್ತು. ನಿನ್ನೆಯೇ ಹೇಳಿದೆವಲ್ಲ ಎಂದು ಒಬ್ಬರೂ ಮುಖ ಸಿಂಡರಿಸಲಿಲ್ಲ. ಹೆಂಗಸರು ಬಂದವರೇ ಮೊರಕ್ಕೆ ಕೈ ಹಾಕಿದರು. ಖಲೀಲ್ ಸಾಬರು ಮಷಿನ್ ನಿಲ್ಲಿಸಿಯೇ ಬಂದರು. ಗಿರಿಜ ಕೇಳಿದ ಪ್ರಶ್ನೆ ಇಷ್ಟೇ: “ಲಾಕ್‌ಡೌನಲ್ಲಿ ಆಕಾಶ ಹೆಂಗಿತ್ತು, ನೆನಪಿದ್ಯಾ? ಬೆಟ್ಟ ತೊಳೆದಿಟ್ಟಂಗೆ ಕಾಣ್ತಿತ್ತು. ಈಗ ಬಿಸಿಲು ಸುಡತ್ತೆ, ಮಳೆ ಯಾವಾಗಲೋ ಬರತ್ತೆ, ಬೆಟ್ಟ ಧೂಳಲ್ಲಿ ಕಾಣಲ್ಲ. ಇದನ್ನ ಸರಿ ಮಾಡೋ ಕೆಲಸ ಕೊರೊನಾ ಆದ್ಮೇಲೆ ಜಾಸ್ತಿ ಆಯ್ತಾ, ಕಮ್ಮಿ ಆಯ್ತಾ?” ಕನ್ನಡ ಎಂ.ಎ. ಮಾಡಿದ ನಾನು ಅವರೆಕಾಯಿ ಸುಲಿಯುತ್ತ ತಲೆ ತಗ್ಗಿಸಿದೆ.

“ಕಮ್ಮಿ ಆಯ್ತು ಬಿಡಮ್ಮ” ಎಂದರು ರತ್ನಮ್ಮ. “ಮುಂಚೆ ನಮ್ ಹುಡುಗ್ರು ಬಸ್ಸಲ್ಲಿ ಹೋಗ್ತಿದ್ರು. ಬಸ್ಸಲ್ಲಿ ಅಂಟತ್ತೆ ಅಂತ ಅವಾಗ ಬೈಕು ತಗೊಂಡ್ರು. ಕೊರೊನಾ ಹೋಯ್ತು, ಬೈಕು ಹೋಗ್ಲಿಲ್ಲ.” ಖಲೀಲ್ ಸಾಬರು ಗಡ್ಡ ಸವರಿಕೊಂಡು, “ಆಕಾಶ ಚೆನ್ನಾಗಿತ್ತು, ಸುಳ್ಳು ಹೇಳಲ್ಲ. ಆದ್ರೆ ಮಷಿನ್ ನಿಂತಿತ್ತು ಮೇಷ್ಟ್ರೇ, ಒಲೇನೂ ನಿಂತಿತ್ತು. ಆವತ್ತು ಬೀದಿಯೋರೆಲ್ಲ ಅಕ್ಕಿ ಬೇಳೆ ಹಂಚ್ಕೊಂಡು ಉಂಡ್ವಿ, ಆ ಒಗ್ಗಟ್ಟು ಬೇಕು. ಆ ಆಕಾಶಾನೂ ಬೇಕು. ಆ ಹಸಿವು ಮಾತ್ರ ಬೇಡ. ಅದು ಹೆಂಗೆ ಅಂತ ಓದಿದೋರು ಹೇಳ್ಬೇಕು” ಎಂದರು. ಚೈತ್ರ ಅಮ್ಮನನ್ನೂ ಕೇಳಿದಳು. ಗಿರಿಜ ನನ್ನ ಕಡೆ ಓರೆಗಣ್ಣು ಬಿಟ್ಟು, “ಈ ಲೋಕವೆಲ್ಲ ನಿಮ್ಮಪ್ಪನ ಥರಾನೇ ಕಣೇ. ಜ್ವರ ಇದ್ದಾಗ ಏನೇನೋ ಮಾತು ಕೊಡತ್ತೆ, ಇಳಿದ್ಮೇಲೆ ಮರ್ತುಬಿಡತ್ತೆ” ಎಂದಳು. ಜಗಲಿಯೆಲ್ಲ ಗೊಳ್ಳೆಂದು ನಕ್ಕಿತು. ನಾನೂ ನಕ್ಕೆ, ಬೇರೆ ದಾರಿಯಿರಲಿಲ್ಲ.

ಸೋಮವಾರ ವರದಿ ಹೋಯಿತು. ಅಮ್ಮನ ಮಾತನ್ನು ಚೈತ್ರ ಕೊನೆಯ ಪುಟದಲ್ಲಿ ಹಾಗೆಯೇ ಬರೆದಿದ್ದಳಂತೆ. ಮೇಡಂ ಅದನ್ನು ಎರಡು ಸಲ ಓದಿ, ನಕ್ಕು, “ಇವರು ಯಾರು, ಪ್ರೊಫೆಸರಾ?” ಎಂದು ಕೇಳಿದರಂತೆ. ಮಗಳ ವರ್ಷ ಉಳಿಯಿತು. ನನ್ನಿಂದ ಕೆಟ್ಟದ್ದನ್ನು ಬೀದಿಯವರೆಲ್ಲ ಸೇರಿ ಒಂದು ಮೊರ ಅವರೆಕಾಳಿನ ಸುತ್ತ ಕೂತು ಸರಿ ಮಾಡಿಕೊಟ್ಟರು, ಮೇಲೆ ನನಗೇ ಹಿತುಕಿದಬೇಳೆ ಸಾರನ್ನೂ ಬಡಿಸಿದರು. ಈ ಉಪಕಾರವನ್ನು ನಾನು ಯಾವ ಕನ್ನಡದಲ್ಲಿ ಹೇಳಲಿ ಎಂದು ತಿಳಿಯದೆ ಸುಮ್ಮನೆ ಉಂಡೆ.

ಮುಂದಿನ ಭಾನುವಾರ ಬೆಳಕು ಹರಿಯುವ ಮುಂಚೆ ಗಿರಿಜಳನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ನಂದಿಬೆಟ್ಟಕ್ಕೆ ಹೊರಟೆ. ಹೊಸ ಸ್ವೆಟರು, ಮಡಿಲಲ್ಲಿ ಚಿತ್ರಾನ್ನದ ಡಬ್ಬಿ. ದಾರಿಯುದ್ದಕ್ಕೂ ಚಿಕ್ಕ ಹುಡುಗಿಯ ಹಾಗೆ ಮಾತಾಡುತ್ತಲೇ ಇದ್ದಳು. ಬೆಟ್ಟದ ಬುಡಕ್ಕೆ ಬಂದರೆ ಇಡೀ ಬೆಂಗಳೂರು ನಮಗಿಂತ ಮುಂಚೆ ಬಂದಿತ್ತು. ಕಣ್ಣು ಹಾಯುವವರೆಗೆ ಕಾರು, ಕಾರಿನ ನಡುವೆ ಬೈಕು. ಎಲ್ಲವೂ ಇಂಜಿನ್ ಆಫ್ ಮಾಡದೆ ಬುಸುಗುಡುತ್ತ ನಿಂತಿದ್ದವು. ಮಂಜು ಯಾವುದು, ಹೊಗೆ ಯಾವುದು ತಿಳಿಯದು. ಅಷ್ಟು ಜನರೂ ಬಂದಿದ್ದು ಶುದ್ಧ ಗಾಳಿಗೆ. ಗಿರಿಜ ಎರಡು ಸಲ ಕೆಮ್ಮಿದಳು.

ಸ್ಕೂಟರ್ ತಿರುಗಿಸಿದೆ. ಸ್ವಲ್ಪ ದೂರ ಬಂದು ದ್ರಾಕ್ಷಿ ತೋಟದ ಪಕ್ಕ ಒಂದು ಹುಣಸೆ ಮರದಡಿ ಕೂತೆವು. ಎದುರಿಗೆ ಬೆಟ್ಟ ಮಸುಕಾಗಿ ಕಾಣುತ್ತಿತ್ತು. “ಮೇಲೆ ಹತ್ತಿಸೋಕೆ ಆಗ್ಲಿಲ್ಲ ಕಣೇ” ಎಂದೆ. “ಇರ್ಲಿ ಬಿಡ್ರೀ” ಎಂದು ಡಬ್ಬಿ ಬಿಚ್ಚಿದಳು. “ಕರ್ಕೊಂಡು ಬಂದ್ರಲ್ಲ. ನೀವು ಆ ಕೋಣೆಯಿಂದ ಎದ್ದು ಬಂದಿರೋದೇ ನಂಗೆ ದೊಡ್ಡದು. ಬೆಟ್ಟ ಎಲ್ಲಿಗೆ ಹೋಗತ್ತೆ?” ಏನಾದರೂ ಹೇಳಲೇಬೇಕು, ಈಗಲಾದರೂ ಹೇಳಬೇಕು ಎನಿಸಿತು. ಆದರೆ ಹಾಳು ಚಟ, ನಾಲಿಗೆಗೆ ಬಂದದ್ದು ಬೇರೆಯೇ: “ನೋಡಿದ್ಯಾ ಗಿರಿಜಾ, ಇಷ್ಟು ಜನ ಹವಾ ಬದಲಾವಣೆಗೆ ಅಂತ ಬಂದೇ ತಾನೆ ಹವಾಮಾನ ಬದಲಾವಣೆ ಆಗೋದು? ಹಾಗಾದ್ರೆ ನನ್ನ ಅನುವಾದ ತಪ್ಪೇನೂ ಅಲ್ಲ. ಭಾಷಾಶಾಸ್ತ್ರದ ದೃಷ್ಟಿಯಿಂದ ಹೇಳೋದಾದ್ರೆ...”

ಗಿರಿಜ ಬ್ಯಾಗಿನಿಂದ ಒಂದು ಹಳೆಯ ಮಾಸ್ಕ್ ತೆಗೆದು ನನ್ನ ಕೈಗಿಟ್ಟಳು. “ಹಾಕ್ಕೊಳ್ಳಿ” ಎಂದಳು. ಹೊಗೆಗೋ, ನನ್ನ ಬಾಯಿಗೋ ಎಂದು ಕೇಳಲು ಧೈರ್ಯವಾಗಲಿಲ್ಲ. ಹಾಕಿಕೊಂಡೆ.